ಕ್ಯಾಮೆರಾ ಗಾಜಿನ ಮೇಲಿನ ಬೊಟ್ಟು

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಚಿಕ್ಕವಳಿದ್ದಾಗ ಕ್ಯಾಲನೂರಿನ ಡೈರಿಯಲ್ಲಿ ಹಾಲು ಹಾಕಲು ಸಾಲಲ್ಲಿ ನಿಂತರೆ ನನ್ನ ಕಣ್ಣು ನಮ್ಮ ಕ್ಯಾನಿನ ಮೇಲಲ್ಲ, ಮುಂದಿನವರ ಕ್ಯಾನಿನ ಮೇಲೆ ಇರುತ್ತಿತ್ತಂತೆ. ಅವರ ಹಾಲು ನಮ್ಮದಕ್ಕಿಂತ ಒಂದು ಗೆರೆ ಮೇಲಿದ್ದರೆ ಮನೆಗೆ ಬರುವವರೆಗೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲವಂತೆ. ಅಮ್ಮ ಈಗಲೂ ಇದನ್ನು ನೆಂಟರ ಮುಂದೆ ಹೇಳಿ ನಗಿಸುತ್ತಾಳೆ. ನಾನೂ ಜೊತೆಗೆ ನಗುತ್ತೇನೆ. ನಲವತ್ತು ದಾಟಿದ ಮೇಲೂ ಆ ಕಣ್ಣು ಹಾಗೇ ಇದೆ ಅನ್ನುವುದು ಅಮ್ಮನಿಗೆ ಗೊತ್ತಿಲ್ಲ.

ನಾನು ಕೆಲಸ ಮಾಡುವುದು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ, ಗಾಡಿಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ. ಬೆಳಗ್ಗೆ ಕಂಪನಿ ಬಸ್ಸು ಊರ ಗೇಟಿನ ಸ್ಟಾಪಿನಲ್ಲಿ ಹತ್ತಿಸಿಕೊಂಡು ಕೋಲಾರದ ಮೇಲೆ ಕರೆದುಕೊಂಡು ಹೋಗುತ್ತದೆ. ಮೊದಲ ನಾಲ್ಕು ವರ್ಷ ಭಾಗಗಳನ್ನು ಜೋಡಿಸುವ ಲೈನಿನಲ್ಲಿ ನಿಂತು ಸ್ಕ್ರೂ ಬಿಗಿದೆ. ಆಮೇಲೆ ನನ್ನ ಕೈಗೆ ಕ್ಯಾಮೆರಾ ಬಂತು. ಲೈನಿನ ಪ್ರತಿ ಮೇಜಿನ ಎದುರಿಗೂ ಒಂದು ಕೆಲಸದ ಹಾಳೆ ತೂಗುಹಾಕಿರುತ್ತಾರೆ. ಯಾವ ಭಾಗ ಎತ್ತಬೇಕು, ಎಲ್ಲಿ ಕೂರಿಸಬೇಕು, ಎಷ್ಟು ಬಿಗಿಯಬೇಕು, ಎಲ್ಲಕ್ಕೂ ಒಂದೊಂದು ಫೋಟೋ. ಹಾಳೆಯಲ್ಲಿ ಹೇಗಿದೆಯೋ ಹಾಗೇ ಮಾಡಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಅಂತ ಸೇರಿದ ಮೊದಲ ದಿನವೇ ಎಲ್ಲರ ತಲೆಗೆ ತುಂಬುತ್ತಾರೆ. ಹತ್ತು ವರ್ಷದಿಂದ ಆ ಫೋಟೋಗಳನ್ನೆಲ್ಲ ತೆಗೆದವಳು ನಾನು. ಏನೇ ಅನುಮಾನ ಬಂದರೂ ಲೈನಿನ ಹೆಂಗಸರು ‘ಫೋಟೋ ಅಕ್ಕನ ಕರೀರಿ’ ಅನ್ನುತ್ತಿದ್ದರು.

ಫೋಟೋ ತೆಗೆಯಲು ನನ್ನದೇ ಒಂದು ಲೆಕ್ಕವಿತ್ತು. ಕಾರ್ಖಾನೆಯ ಯಂತ್ರಗಳು ವರ್ಷವಿಡೀ ಎಣ್ಣೆ ಧೂಳು ಮೆತ್ತಿಕೊಂಡೇ ಇರುತ್ತವೆ. ಆಯುಧಪೂಜೆಗೆ ಮಾತ್ರ ಮೂಲೆಮೂಲೆ ಒರೆಸಿ, ಬಣ್ಣ ಹೋದ ಕಡೆ ಬಣ್ಣ ಬಳಿದು, ಮದುವೆ ಹೆಣ್ಣಿನ ಹಾಗೆ ಸಿಂಗರಿಸಿ ನಿಲ್ಲಿಸುತ್ತಾರೆ. ಹಬ್ಬದ ಮರುದಿನದಿಂದ ಒಂದು ವಾರ ನಾನು ಊಟ ತಿಂಡಿ ಮರೆತು ಫೋಟೋ ತೆಗೆಯುತ್ತಿದ್ದೆ. ಬಾಡಿದ ಹೂವು, ನಿಂಬೆಹಣ್ಣು, ಬಾಳೆಕಂದು ಎಲ್ಲ ತೆಗೆಸಿಬಿಡುತ್ತಿದ್ದೆ. ಯಂತ್ರಗಳಿಗೆ ಇಟ್ಟ ಕುಂಕುಮದ ಬೊಟ್ಟು ಮಾತ್ರ ಉಳಿಯುತ್ತಿತ್ತು. ಅದನ್ನು ಯಾರೂ ಒರೆಸುವುದಿಲ್ಲ, ತಾನಾಗಿಯೇ ಅಳಿಯಬೇಕು. ಹಾಗಾಗಿ ನಮ್ಮ ಹಾಳೆಗಳಲ್ಲಿ ಮುಕ್ಕಾಲು ಪಾಲು ಯಂತ್ರಗಳು ಬೊಟ್ಟಿಟ್ಟುಕೊಂಡೇ ಇದ್ದವು. ಅದು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮನೆ ಹೊಸಿಲ ಮೇಲಿನ ಕುಂಕುಮ ದಿನಾ ದಾಟುವವರಿಗೆ ಎಲ್ಲಿ ಕಾಣುತ್ತದೆ?

ಎರಡು ವರ್ಷದ ಹಿಂದೆ ಕಂಪನಿ ಏಜೆಂಟ್ ತಂದಿತು. ಏಜೆಂಟ್ ಅಂದರೆ ಮನುಷ್ಯನಲ್ಲ, ಎ.ಐ. ಒಂದು ಕೆಲಸ ಹೇಳಿದರೆ ಅದನ್ನು ತಾನೇ ಬಿಡಿಸಿಕೊಂಡು ಒಂದಾದ ಮೇಲೊಂದು ಮುಗಿಸುತ್ತದೆ. ಯಾವುದಾದರೂ ಭಾಗ ಬದಲಾದರೆ ಯಾವ ಯಾವ ಹಾಳೆ ತಿದ್ದಬೇಕು ಅಂತ ಅದೇ ಹುಡುಕಿ, ಬರಹವನ್ನು ಅದೇ ತಿದ್ದುತ್ತಿತ್ತು. ಫೋಟೋ ಬದಲಿಸಲು ಮಾತ್ರ ಬರುತ್ತಿರಲಿಲ್ಲ. ಹೋದ ವರ್ಷ ಅದಕ್ಕೂ ಒಂದು ಟೂಲ್ ಬಂತು. ಹಳೆಯ ಫೋಟೋ, ಹೊಸ ಭಾಗದ ಚಿತ್ರ, ಏನು ಬದಲಾಗಬೇಕು ಅನ್ನುವ ಒಂದು ಮಾತು, ಈ ಮೂರನ್ನು ಏಜೆಂಟ್ ಕಳಿಸಿದರೆ ಟೂಲ್ ಹಳೆಯ ಫೋಟೋದೊಳಗೆ ಹೊಸ ಭಾಗ ಕೂರಿಸಿ ವಾಪಸು ಕೊಡುತ್ತದೆ. ನಾನು ವಾರವೆಲ್ಲ ಮಾಡುವ ಕೆಲಸ ಒಂದು ಲೋಟ ಟೀ ಆರುವುದರೊಳಗೆ ಮುಗಿಯುತ್ತಿತ್ತು. ಟೂಲಿನ ಮೇಲೂ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಯಂತ್ರದ ಮೇಲೆ ಎಷ್ಟು ದಿನ ಅಂತ ಉರಿದುಕೊಳ್ಳುವುದು? ಅದಕ್ಕೆ ಮನುಷ್ಯರೇ ಬೇಕು. ನನಗೆ ಒಬ್ಬಳು ಸಿಕ್ಕಿದಳು.

ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಹುಡುಗಿ. ಡಿಪ್ಲೊಮಾ ಮುಗಿಸಿ ಒಂದು ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಹಾಳೆ ತಯಾರಿಸುವ ನಮ್ಮ ಕೋಣೆಗೆ ಬಂದಳು. ಮನೆಯಲ್ಲಿ ತೆಲುಗು, ಕೋಣೆಯಲ್ಲಿ ಕನ್ನಡ, ಲೈನಿನಲ್ಲಿ ಎರಡನ್ನೂ ಕಲಸಿ ಮಾತಾಡುತ್ತಿದ್ದಳು. ನನಗೂ ತೆಲುಗು ಬರುತ್ತದೆ, ಆದರೆ ನಾನು ಆಡಿದರೆ ಹೆಂಗಸರು ಉತ್ತರ ಮಾತ್ರ ಕೊಡುತ್ತಿದ್ದರು, ಅವಳು ಆಡಿದರೆ ಖುಷಿಯಾಗಿ ನಗುತ್ತಿದ್ದರು. ಮಾವಿನಕಾಯಿ ಕಾಲದಲ್ಲಿ ಶ್ರೀನಿವಾಸಪುರದ ಸೋದರತ್ತೆ ಮನೆಯಿಂದ ಚೀಲದಲ್ಲಿ ಕಾಯಿ ತಂದು ಉಪ್ಪು ಖಾರ ಹಚ್ಚಿ ಹಂಚುತ್ತಿದ್ದಳು. ಮೂರು ತಿಂಗಳಲ್ಲಿ ‘ಫೋಟೋ ಅಕ್ಕನ ಕರೀರಿ’ ಅನ್ನುವುದು ನಿಂತು ‘ಆ ಪಾಪನ ಕೇಳ್ರಿ’ ಅನ್ನುವುದು ಶುರುವಾಯಿತು. ನಮ್ಮ ಕಡೆ ಚಿಕ್ಕ ಹುಡುಗಿಯರನ್ನು ಪಾಪ ಅನ್ನುತ್ತಾರೆ. ಅವಳು ಕೊಟ್ಟ ಮಾವಿನಕಾಯಿಯನ್ನು ನಾನೂ ಚಪ್ಪರಿಸಿ ತಿಂದೆ, ಒಳಗೊಳಗೇ ಕುದ್ದುಕೊಂಡೇ ತಿಂದೆ.

ಏಜೆಂಟಿನ ಕೈಗೆ ಟೂಲ್ ಕೊಟ್ಟುಬಿಟ್ಟರೆ ಆಗಲಿಲ್ಲ. ಅದನ್ನು ಯಾವಾಗ ಬಳಸಬೇಕು, ಏನನ್ನು ಮುಟ್ಟಬಾರದು, ಎಲ್ಲಿ ನಿಲ್ಲಿಸಿ ಮನುಷ್ಯರನ್ನು ಕೇಳಬೇಕು ಅಂತ ಒಂದು ಟಿಪ್ಪಣಿ ಬರೆದಿಡಬೇಕು. ಏಜೆಂಟ್ ಪ್ರತಿ ಸಲವೂ ಅದನ್ನು ಓದಿಕೊಂಡೇ ಕೆಲಸಕ್ಕೆ ಇಳಿಯುತ್ತದೆ. ನಮ್ಮ ಮ್ಯಾನೇಜರ್ ಮಾಲೂರಿನವರು, ಯಾವತ್ತೂ ದನಿ ಎತ್ತಿದವರಲ್ಲ. ನಮ್ಮಿಬ್ಬರನ್ನೂ ಕರೆದು ಒಬ್ಬೊಬ್ಬರೂ ಒಂದೊಂದು ಟಿಪ್ಪಣಿ ಬರೆಯಿರಿ, ಲೈನ್ ಲೀಡರುಗಳೂ ಓದುವ ಹಾಗೆ ಕನ್ನಡದಲ್ಲೇ ಇರಲಿ, ಎರಡನ್ನೂ ಪರೀಕ್ಷೆಗೆ ಹಚ್ಚಿ ಒಳ್ಳೆಯದನ್ನು ಇಟ್ಟುಕೊಳ್ಳೋಣ ಅಂದರು. ಹುಡುಗಿಯ ವರ್ಷ ಮುಗಿಯುತ್ತಾ ಬಂದಿತ್ತು. ಅವಳ ಟಿಪ್ಪಣಿ ಉಳಿದುಕೊಂಡರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಂದಿನ ತಿಂಗಳ ಕೊನೆಗೆ ಗೇಟ್ ಪಾಸು ವಾಪಸು ಕೊಟ್ಟು ಹೋಗಬೇಕು. ಇದು ನನಗೂ ಗೊತ್ತಿತ್ತು.

ನಾನು ಹನ್ನೊಂದು ಪುಟ ಬರೆದೆ. ಫೋಟೋ ಎಂದರೇನು, ಬೆಳಕು ಯಾವ ಕಡೆಯಿಂದ ಬೀಳಬೇಕು, ನೆರಳು ಯಾಕೆ ಮುಖ್ಯ, ಹತ್ತು ವರ್ಷದಲ್ಲಿ ಏನೇನು ತಪ್ಪಾಗಿದೆ, ಎಲ್ಲ ಸುರಿದೆ. ಅವಳು ಒಂದೂವರೆ ಪುಟ ಬರೆದಳು.

ಎರಡನ್ನೂ ಮನೆಗೆ ತಂದೆ. ನನ್ನ ಗಂಡ ಕ್ಯಾಲನೂರು ಡೈರಿಯ ಕಾರ್ಯದರ್ಶಿ. ಯಾವುದು ಯಾರದ್ದು ಅಂತ ಹೇಳದೆ, ರಾಗಿಮುದ್ದೆ ಬಡಿಸುವ ಮೊದಲೇ ಎರಡನ್ನೂ ಅವರ ಮುಂದಿಟ್ಟೆ. ನನ್ನದರ ಮೂರನೇ ಪುಟದಲ್ಲಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವಳದ್ದನ್ನು ನಿಂತಲ್ಲೇ ಓದಿ ಮುಗಿಸಿದರು.

“ಇದು ನೀನು ಬರ್ದಿರೋದು ಅಲ್ವಾ? ನಂಗೇ ಅರ್ಥ ಆಗೋಯ್ತು,” ಅಂದರು.

ಹೌದು ಅಂದೆ. ಆ ಸುಳ್ಳನ್ನು ಅವರು ಇನ್ನೂ ನಂಬಿದ್ದಾರೆ. ಅವತ್ತು ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಅದನ್ನೂ ಅವರು ಹೇಳಲಿಲ್ಲ.

ಪರೀಕ್ಷೆಗೆ ಮೂವತ್ತು ಹಳೆಯ ಹಾಳೆಗಳನ್ನು ಆರಿಸಿದರು. ಮೊದಲು ನನ್ನ ಟಿಪ್ಪಣಿ ಓದಿಸಿ ಏಜೆಂಟನ್ನು ಬಿಟ್ಟರು. ಒಂದು ಹಾಳೆಯ ಫೋಟೋ ಮಂಕಾಗಿತ್ತು, ಸ್ಕ್ರೂ ಕಾಣುತ್ತಿರಲಿಲ್ಲ. ನನ್ನ ಹನ್ನೊಂದು ಪುಟ ಓದಿದ ಏಜೆಂಟ್ ಅಲ್ಲೊಂದು ಸ್ಕ್ರೂವನ್ನು ಊಹಿಸಿ ಕೂರಿಸಿತು, ಅದೂ ತಪ್ಪು ತೂತಿನಲ್ಲಿ. ಇನ್ನೊಂದರಲ್ಲಿ ಕೈಗವಸಿನ ಬಣ್ಣ ಬದಲಿಸು ಅಂದರೆ ಹಿಂದಿನ ಗೋಡೆಯ ಬಣ್ಣವನ್ನೂ ಬದಲಿಸಿತು. ಅವಳ ಟಿಪ್ಪಣಿಯಲ್ಲಿ ಒಂದು ಸಾಲಿತ್ತು: ‘ಫೋಟೋದಲ್ಲಿ ಕಾಣದ್ದನ್ನು ಊಹಿಸಬೇಡ. ಹೊಸ ಫೋಟೋ ಬೇಕು ಅಂತ ಹೇಳಿ ನಿಲ್ಲು.’ ಅದನ್ನು ಓದಿಕೊಂಡ ಏಜೆಂಟ್ ಮಂಕು ಫೋಟೋದ ಮುಂದೆ ನಿಂತಿತು, ಹೊಸ ಫೋಟೋ ಬೇಕು ಅಂತ ಕೇಳಿತು. ಇನ್ನೊಂದು ಸಾಲು: ‘ಯಂತ್ರದ ಮೇಲಿರುವ ಯಾವ ಗುರುತನ್ನೂ ಅಳಿಸಬೇಡ.’ ಎಚ್ಚರಿಕೆಯ ಬಾಣ, ಹಳದಿ ಗೆರೆ ಎಲ್ಲ ಇದ್ದಲ್ಲೇ ಉಳಿದವು. ಮ್ಯಾನೇಜರ್ ಅವಳ ಟಿಪ್ಪಣಿಯನ್ನೇ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನೀವು ಇಷ್ಟೆಲ್ಲ ಕಷ್ಟಪಟ್ಟಿದ್ದೀರಿ ಮೇಡಂ, ಅನುಭವ ನಿಮ್ಮದು, ಇನ್ನು ಮೇಲೆ ಬರುವ ಚಿತ್ರಗಳನ್ನೆಲ್ಲ ನೋಡಿ ಸರಿ, ತಪ್ಪು ಹಾಕುವ ಕೆಲಸ ನೀವೇ ಮಾಡಿ ಅಂದರು. ಅವರು ಸಮಾಧಾನಕ್ಕೆ ಹೇಳಿದರು. ನನಗೆ ಅದು ಆಯುಧ ಕೊಟ್ಟ ಹಾಗಿತ್ತು.

ಆಮೇಲಿನ ಮೂರು ವಾರ ನಾನು ಮಾಡಿದ್ದು ಮೌಲ್ಯಮಾಪನ ಅಲ್ಲ, ಬೇಟೆ. ಏಜೆಂಟ್ ಕೊಟ್ಟ ಪ್ರತಿ ಚಿತ್ರವನ್ನೂ ಪರದೆಯ ಮೇಲೆ ದೊಡ್ಡದು ಮಾಡಿ, ಅವಳ ತಪ್ಪೊಂದು ಸಿಗಲಿ ಅಂತ ಹುಡುಕುತ್ತಿದ್ದೆ. ಕಣ್ಣುರಿ ಬಂದರೂ ಬಿಡುತ್ತಿರಲಿಲ್ಲ. ಸರಿ, ಸರಿ, ಸರಿ ಅಂತ ಒತ್ತಿ ಒತ್ತಿ ಬೆರಳಿಗೇ ಬೇಜಾರಾಗಿತ್ತು. ಅವಳು ಎದುರು ಕುರ್ಚಿಯಲ್ಲಿ ಕೂತು, ಎಷ್ಟಾಯಿತು ಅಕ್ಕಾ, ನಾನೂ ಸ್ವಲ್ಪ ನೋಡಲಾ ಅಂತ ಕೇಳುತ್ತಿದ್ದಳು. ಬೇಡ ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಸಿಕ್ಕಿತು. ಕೊನೆಯ ಮೇಜಿನಲ್ಲಿ ಭಾಗಗಳನ್ನು ನೋಡಿ ಒಳ್ಳೆಯದು, ಕೆಟ್ಟದ್ದು ಅಂತ ಬೇರೆ ಮಾಡುವ ಒಂದು ಕ್ಯಾಮೆರಾ ಇದೆ. ಹಳೆಯದು ದೊಡ್ಡ ಡಬ್ಬಿ, ನನ್ನ ಹಳೆಯ ಫೋಟೋದಲ್ಲಿ ಅದರ ತಗಡಿನ ಮೇಲೆ ಆಯುಧಪೂಜೆಯ ಬೊಟ್ಟಿತ್ತು. ಅದನ್ನು ತೆಗೆದು ಚಿಕ್ಕ ಕ್ಯಾಮೆರಾ ಹಾಕಿದ್ದರು. ಏಜೆಂಟ್ ಹಾಳೆಯ ಫೋಟೋದಲ್ಲಿ ಹಳೆಯದರ ಜಾಗಕ್ಕೆ ಹೊಸ ಕ್ಯಾಮೆರಾ ಕೂರಿಸಿತ್ತು. ಗುರುತು ಅಳಿಸಬೇಡ ಅಂತ ಟಿಪ್ಪಣಿ ಹೇಳಿತ್ತಲ್ಲ, ಬೊಟ್ಟನ್ನೂ ಇದ್ದ ಜಾಗದಲ್ಲೇ ಉಳಿಸಿತ್ತು. ಆ ಜಾಗಕ್ಕೆ ಈಗ ಹೊಸ ಕ್ಯಾಮೆರಾದ ಗಾಜು ಬಂದಿತ್ತು. ಬೊಟ್ಟು ಸರಿಯಾಗಿ ಗಾಜಿನ ನಡುವೆ ಕೂತಿತ್ತು.

ಮೂರು ಸಲ ದೊಡ್ಡದು ಮಾಡಿ ನೋಡಿದೆ. ತಪ್ಪು ಅಂತ ಹಾಕಿದರೆ ಏನಾಗುತ್ತದೆ ಅಂತ ಯೋಚಿಸಿದೆ. ಹುಡುಗಿ ಒಂದು ಸಾಲು ತಿದ್ದುತ್ತಾಳೆ, ಟಿಪ್ಪಣಿ ಇನ್ನೂ ಚೆನ್ನಾಗುತ್ತದೆ, ಎಲ್ಲರೂ ಇನ್ನಷ್ಟು ಹೊಗಳುತ್ತಾರೆ. ಸರಿ ಅಂತ ಹಾಕಿದರೆ ಈ ಹಾಳೆ ಲೈನಿಗೆ ಹೋಗುತ್ತದೆ, ಯಾರಾದರೂ ನೋಡಿ ನಗುತ್ತಾರೆ, ಒಂದೂವರೆ ಪುಟದ ಬಂಡವಾಳ ಬಯಲಾಗುತ್ತದೆ. ಸರಿ ಅಂತ ಒತ್ತಿದೆ. ಒತ್ತಿ, ಟೀ ಕುಡಿಯಲು ಹೋದೆ.

ಯಾರೂ ನಗಲಿಲ್ಲ. ನಾನು ಎಣಿಸದೆ ಹೋದದ್ದು ಇದೇ. ಹಾಳೆ ಹೇಳಿದಂತೆ ಕೇಳಬೇಕು ಅಂತ ಕಲಿಸಿದ್ದು ನಾವೇ. ಹಾಳೆಯಲ್ಲಿ ಹೊಸ ಕ್ಯಾಮೆರಾಗೆ ಬೊಟ್ಟಿದೆ, ಎದುರಿಗಿರುವ ಕ್ಯಾಮೆರಾಗೆ ಇಲ್ಲ. ಲೈನಿನ ಹೆಂಗಸರಿಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಕಂಪನಿಯವರಿಗೂ ಕೊನೆಗೆ ಬುದ್ಧಿ ಬಂತು, ಹೊಸ ಯಂತ್ರಕ್ಕೆ ಪೂಜೆ ಮಾಡಿ ಅಂತ ಹಾಳೆಯಲ್ಲೇ ಹಾಕಿದ್ದಾರೆ ಅಂತ ಖುಷಿಪಟ್ಟರಂತೆ. ಬೆಳಗಿನ ಪಾಳಿಯ ಹಿರಿಯ ಹೆಂಗಸು ಊಟದ ಚೀಲದಲ್ಲಿ ಕುಂಕುಮದ ಭರಣಿ ತಂದು, ನೀರಲ್ಲಿ ಕಲಸಿ, ಗಾಜಿನ ನಡುವೆ ಹಾಳೆಯಲ್ಲಿದ್ದಷ್ಟೇ ದೊಡ್ಡದಾಗಿ ಬೊಟ್ಟಿಟ್ಟಳು. ಅಳಿಸಿಹೋದಾಗಲೆಲ್ಲ ಆಯಾ ಪಾಳಿಯವರು ಮತ್ತೆ ಇಟ್ಟರು.

ಕ್ಯಾಮೆರಾ ಒಳ್ಳೆಯ ಭಾಗಗಳನ್ನೆಲ್ಲ ಕೆಟ್ಟದ್ದು ಅಂತ ಪಕ್ಕಕ್ಕೆ ತಳ್ಳತೊಡಗಿತು. ಕೆಂಪು ಡಬ್ಬಿ ತುಂಬಿ ನೆಲದ ಮೇಲೆ ರಾಶಿ ಬಿತ್ತು. ಎರಡು ದಿನ ವೈರು ನೋಡಿದರು, ಕಂಪ್ಯೂಟರ್ ನೋಡಿದರು, ಲೈನು ನಿಲ್ಲಿಸಿದರು. ಕೊನೆಗೆ ಒಬ್ಬ ಇಂಜಿನಿಯರ್ ಬಗ್ಗಿ ಗಾಜು ನೋಡಿ, ಯಾರು ಇಟ್ಟಿದ್ದು ಇದನ್ನು ಅಂತ ಕೇಳಿದ. ಆ ಹಿರಿಯ ಹೆಂಗಸು ಸ್ವಲ್ಪವೂ ಹೆದರದೆ ಎದುರು ತೂಗುತ್ತಿದ್ದ ಹಾಳೆ ತೋರಿಸಿದಳು.

“ಹಾಳೇಲಿ ಐತಲ್ಲ ಸಾರ್.”

ಸುದ್ದಿ ನಮ್ಮ ಕೋಣೆಗೆ ಬಂದಾಗ ನನ್ನ ಎದೆ ಮೊದಲು ಹಗುರಾಯಿತು, ಆಮೇಲೆ ಧಸಕ್ಕೆಂದಿತು. ಇಷ್ಟು ದೊಡ್ಡದಾಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಗುಟ್ಟಾಗಿ ನನ್ನ ಹನ್ನೊಂದು ಪುಟಗಳನ್ನು ತೆರೆದು ಹುಡುಕಿದೆ. ನಾನಾದರೂ ಎಲ್ಲಾದರೂ ಪೂಜೆಯ ಬೊಟ್ಟಿನ ಬಗ್ಗೆ ಬರೆದಿದ್ದೇನಾ? ಒಂದಕ್ಷರವೂ ಇರಲಿಲ್ಲ. ಆ ಬೊಟ್ಟನ್ನು ಹತ್ತು ವರ್ಷ ಫೋಟೋ ಹಿಡಿದವಳು ನಾನೇ.

ಮ್ಯಾನೇಜರ್ ಕರೆಯುವ ಮೊದಲು ಹುಡುಗಿ ತನ್ನ ಕಂಪ್ಯೂಟರಿನಲ್ಲಿ ಏನೋ ನೋಡುತ್ತಾ ಕೂತಿದ್ದಳು. ಮೌಲ್ಯಮಾಪನದ ಪರದೆ ಎಲ್ಲವನ್ನೂ ದಾಖಲೆ ಮಾಡಿಟ್ಟುಕೊಳ್ಳುತ್ತದೆ, ಯಾವ ಚಿತ್ರ ಎಷ್ಟು ಹೊತ್ತು ತೆರೆದಿತ್ತು, ಯಾವ ಭಾಗವನ್ನು ಎಷ್ಟು ದೊಡ್ಡದು ಮಾಡಿ ನೋಡಿದರು ಅಂತ. ನನಗದು ಗೊತ್ತಿರಲಿಲ್ಲ. ಅವಳು ಕುರ್ಚಿ ತಿರುಗಿಸಿ, ಯಾರಿಗೂ ಕೇಳಿಸದ ಹಾಗೆ ಹೇಳಿದಳು.

“ಅಕ್ಕಾ, ಆ ಫೋಟೋನ ನೀವು ಮೂರು ಸಲ ದೊಡ್ಡದು ಮಾಡಿ ನೋಡಿದೀರ. ಬೊಟ್ಟಿನ ಮೇಲೇನೆ.”

ಕೇಳುವ ದನಿಯಲ್ಲ, ಬೈಯುವ ದನಿಯೂ ಅಲ್ಲ. ಅಷ್ಟರಲ್ಲಿ ಕರೆ ಬಂತು, ಇಬ್ಬರೂ ಎದ್ದೆವು.

ಮ್ಯಾನೇಜರ್ ಕೋಣೆಯಲ್ಲಿ ಎರಡು ದಿನ ನಿಂತ ಲೈನಿನ ಬಿಸಿ ಇತ್ತು, ಆದರೂ ಅವರು ದನಿ ಎತ್ತಲಿಲ್ಲ. ಅವಳ ಒಂದೂವರೆ ಪುಟವನ್ನು ಮುಂದಿಟ್ಟುಕೊಂಡು ಒಂದು ಸಾಲಿನ ಮೇಲೆ ಪೆನ್ನು ಇಟ್ಟರು.

“ಏನಮ್ಮಾ, ಯಾವ ಗುರುತನ್ನೂ ಅಳಿಸಬೇಡ ಅಂತ ನೀನೇ ಬರ್ದಿದೀಯಲ್ಲ?”

“ಹೌದು ಸಾರ್.”

ಅವಳು ಇನ್ನೇನು ಆ ದಾಖಲೆಯ ಮಾತು ಎತ್ತುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಎತ್ತಲಿಲ್ಲ. ಮ್ಯಾನೇಜರ್, ಇನ್ನೇನಾದರೂ ಹೇಳುವುದಿದೆಯಾ ಅಂತ ಕೇಳಿದರು. ಇಲ್ಲ ಸಾರ್, ಬರೆದದ್ದು ನಾನೇ ಅಂದಳು. ಅವಳ ಕಾಂಟ್ರ್ಯಾಕ್ಟ್ ಮುಗಿಯಲು ಒಂಬತ್ತು ದಿನ ಉಳಿದಿತ್ತು. ನನ್ನ ಹೆಸರು ಹೇಳಿದ್ದರೆ ಸಾಕಿತ್ತು, ಅವಳ ಕೆಲಸ ಉಳಿಯುತ್ತಿತ್ತು.

ಆಗ ನಾನು ಬಾಯಿಬಿಟ್ಟೆ. ಅದನ್ನು ಪಶ್ಚಾತ್ತಾಪ ಅಂತ ಕರೆದು ದೊಡ್ಡವಳೆನಿಸಿಕೊಳ್ಳುವ ಆಸೆ ನನಗೂ ಇದೆ. ನಿಜ ಅದಲ್ಲ. ಬರವಣಿಗೆಯಲ್ಲಿ ಮೇಲಾದಳು, ಲೈನಿನಲ್ಲಿ ಮೇಲಾದಳು, ನನ್ನ ಮನೆಯ ಊಟದ ಹೊತ್ತಿನಲ್ಲೂ ಮೇಲಾದಳು. ಈಗ ಒಳ್ಳೆಯತನದಲ್ಲೂ ಅವಳೇ ಮೇಲಾಗುತ್ತಿದ್ದಾಳೆ ಅನ್ನುವುದನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ.

“ಸಾರ್, ನಾನು ನೋಡಿದ್ದೆ. ನೋಡೇ ಸರಿ ಅಂತ ಹಾಕ್ದೆ.”

ಯಾಕೆ ಮೇಡಂ ಅಂತ ಕೇಳಿದರು.

“ಹೊಟ್ಟೆಕಿಚ್ಚು ಸಾರ್.”

ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದರು. ಇಂಥ ಕಾರಣವನ್ನು ಬರೆಯುವುದಕ್ಕೆ ಕಂಪನಿಯ ಫಾರಂನಲ್ಲಿ ಜಾಗವಿಲ್ಲ. ನಮ್ಮಿಬ್ಬರನ್ನೂ ಕೆಲಸಕ್ಕೆ ಹೋಗಲು ಹೇಳಿದರು. ಅವಳು ಯಾಕೆ ಹೇಳಲಿಲ್ಲ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ.

ಹುಡುಗಿಯ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಸರಿ, ತಪ್ಪು ಹಾಕುವ ಕೆಲಸ ನನ್ನ ಕೈತಪ್ಪಿತು. ಹಳೆಯ ಫೋಟೋಗಳನ್ನೆಲ್ಲ ಬೊಟ್ಟಿಲ್ಲದೆ ಹೊಸದಾಗಿ ತೆಗೆಯಬೇಕು ಅಂತ ಹೇಳಿ ಕ್ಯಾಮೆರಾ ಮತ್ತೆ ನನಗೇ ಕೊಟ್ಟರು. ಅದಕ್ಕೆ ಯಂತ್ರಗಳ ಬೊಟ್ಟು ಒರೆಸಬೇಕಿತ್ತು. ಲೈನಿನಲ್ಲಿ ಒಬ್ಬರೂ ಬಟ್ಟೆ ಮುಟ್ಟಲಿಲ್ಲ. ‘ಬೊಟ್ಟು ತುಡಿಚೇದಿ ಮಾ ಚೇತ ಕಾದಮ್ಮಾ’ ಅಂತ ಹಿರಿಯ ಹೆಂಗಸು ಕೈ ಹಿಂದಕ್ಕೆ ಕಟ್ಟಿಕೊಂಡಳು, ನಮ್ಮ ಕೈಯಿಂದ ಅದು ಆಗುವುದಲ್ಲ ಅಂತ. ನನಗೂ ಮನಸ್ಸು ಅಳುಕಿತು, ನಾನೂ ಮುತ್ತೈದೆಯೇ. ಆದರೂ ಒಂದೊಂದಾಗಿ ನಾನೇ ಒರೆಸಿದೆ. ಅವರು ಕೆಲಸ ನಿಲ್ಲಿಸದೆ, ನನ್ನ ಕಡೆ ಮುಖ ತಿರುಗಿಸದೆ, ಎಲ್ಲರೂ ಓರೆಗಣ್ಣಲ್ಲಿ ನೋಡಿದರು.

ಹುಡುಗಿ ಟಿಪ್ಪಣಿ ತಿದ್ದಿದಳು. ಎರಡು ಸಾಲು ಸೇರಿಸಿದಳು. ಮೊದಲನೆಯದು ಪೂಜೆಯ ಗುರುತುಗಳನ್ನು ಚಿತ್ರದಲ್ಲಿ ಉಳಿಸಬೇಡ ಅಂತ. ಎರಡನೆಯದು ಕೊನೆಯಲ್ಲಿದೆ: ‘ಒಬ್ಬರೇ ನೋಡಿ ಸರಿ ಅಂದ ಚಿತ್ರವನ್ನು ಹಾಳೆಗೆ ಹಾಕಬೇಡ. ಇನ್ನೊಬ್ಬರು ನೋಡುವವರೆಗೆ ಕಾಯು.’

ಏಜೆಂಟ್ ಪ್ರತಿ ಚಿತ್ರಕ್ಕೂ ಮೊದಲು ಅದನ್ನು ಓದುತ್ತದೆ, ಓದಿ ಕಾಯುತ್ತದೆ. ಆ ಸಾಲು ಯಾರ ದೆಸೆಯಿಂದ ಬಂತು ಅಂತ ಹೊಸದಾಗಿ ಸೇರುವವರಿಗೆ ಗೊತ್ತಾಗುವುದಿಲ್ಲ. ಅದರಲ್ಲಿ ನನ್ನ ಹೆಸರಿಲ್ಲ, ಸಿಟ್ಟಿಲ್ಲ, ಒಂದು ಪದವೂ ಹೆಚ್ಚಿಲ್ಲ. ತಪ್ಪೇನಾದರೂ ಸಿಗಲಿ ಅಂತ ಎಷ್ಟೋ ಸಲ ಓದಿದ್ದೇನೆ. ಸಿಕ್ಕಿಲ್ಲ. ಈ ನಾಲ್ಕೈದು ಪುಟಗಳಲ್ಲಿ ನನ್ನ ಬಗ್ಗೆ ನಾನು ಹೇಳಿಕೊಂಡಿದ್ದನ್ನು ಅವಳು ಎರಡು ವಾಕ್ಯದಲ್ಲಿ ಮುಗಿಸಿದ್ದಾಳೆ, ಮತ್ತು ನನಗೆ ಅದಕ್ಕೂ ಹೊಟ್ಟೆ ಉರಿಯುತ್ತದೆ.